ಗುಡ್ಡದ ಬೆಂಕಿ, ಸೂರಿನಡಿಯ ಸೌದೆ

ನಮ್ಮೂರು ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಸಾಲಿನ ಬುಡದಲ್ಲಿದೆ. ಮೇಲೆ ಹುಲ್ಲಿನ ಬೋಳುಗುಡ್ಡ, ಅದರ ಸಂದಿಗಳಲ್ಲಿ ಶೋಲಾ ಕಾಡು, ಕೆಳಗೆ ಕಾಫಿ ತೋಟ. ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಅಂತ 38 ಮನೆಗಳು. ಮಳೆಗಾಲದಲ್ಲಿ ಇಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗಲ್ಲ. ಅದೇ ಊರಲ್ಲಿ ಫೆಬ್ರವರಿ ಹೊತ್ತಿಗೆ ಹುಲ್ಲನ್ನು ಹಿಡಿದರೆ ಕೈಯಲ್ಲೇ ಪುಡಿಯಾಗುತ್ತೆ.

ಆರು ವರ್ಷದ ಹಿಂದಿನ ಮಾರ್ಚ್‌ನಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು. ಅರಣ್ಯ ಇಲಾಖೆಯವರ ಜೊತೆ ನಾವೂ ಹಸಿ ಸೊಪ್ಪು ಹಿಡಿದು ಬಡಿದೆವು. ಸಂಜೆ ಹೊತ್ತಿಗೆ ಬೆಂಕಿ ಹಳ್ಳದ ಆಚೆಗೇ ನಿಂತಿತು. ಹಳ್ಳಕ್ಕೂ ನಮ್ಮ ಮನೆಗೂ ಕಾಲು ಕಿಲೋಮೀಟರ್ ದೂರ. ಸ್ನಾನ ಮಾಡಿ ಊಟಕ್ಕೆ ಕೂತಿದ್ದೆವು. ಹಳ್ಳದಾಚೆ ಒಂದು ಒಣಮರ ಮಾತ್ರ ಇನ್ನೂ ಉರಿಯುತ್ತಿತ್ತು, ಗಾಳಿ ಬೀಸಿದಾಗೆಲ್ಲ ಕಿಡಿ ಹಾರುತ್ತಿತ್ತು. ಉರಿದುಕೊಂಡು ಹೋಗಲಿ ಬಿಡು ಅಂದುಕೊಂಡೆವು.

ಒಂಬತ್ತು ಗಂಟೆಗೆ ನಾಯಿ ಹಿತ್ತಲ ಕಡೆ ಬೊಗಳಲು ಶುರು ಮಾಡಿತು. ಅತ್ತೆ ಎದ್ದು ಹೋಗಿ ನೋಡಿದರೆ ಬಚ್ಚಲ ಗೋಡೆಗೆ ಒಟ್ಟಿದ್ದ ಸೌದೆ ಹೊತ್ತಿಕೊಂಡಿತ್ತು. ಸೌದೆಯ ಮೇಲೆ ಸಿಲ್ವರ್ ಓಕ್ ಎಲೆ ಗೇಣುದ್ದ ಬಿದ್ದಿತ್ತು, ಕಿಡಿ ಬಂದು ಅದರಲ್ಲಿ ಕೂತಿತ್ತು. ಉರಿ ಆಗಲೇ ಸೂರಿನ ರೀಪು ನೆಕ್ಕುತ್ತಿತ್ತು. ಬಚ್ಚಲ ಹಂಡೆ ತುಂಬಾ ನೀರಿತ್ತು, ಅದರಿಂದ ಮನೆ ಉಳಿಯಿತು. ನಾವೆಲ್ಲ ಇಡೀ ದಿನ ಗುಡ್ಡ ನೋಡುತ್ತಾ ಇದ್ದೆವು. ಸೌದೆಯ ಕಡೆ ಯಾರೂ ನೋಡಿರಲಿಲ್ಲ.

ಆಮೇಲೆ ನಾನು ಈ ವಿಷಯ ಓದಲು ಕೂತೆ. ಕಾಡಿನ ಬೆಂಕಿಯಲ್ಲಿ ಸುಟ್ಟುಹೋಗುವ ಮನೆಗಳಲ್ಲಿ ಹೆಚ್ಚಿನವು ಜ್ವಾಲೆ ಬಂದು ಬಡಿದು ಸುಡುವುದಿಲ್ಲ, ಹಾರಿ ಬಂದ ಕಿಡಿಯಿಂದ ಸುಡುತ್ತವೆ. ಕಿಡಿಗೆ ಕೂರಲು ಜಾಗ ಬೇಕು. ಒಣ ಎಲೆ, ಸೌದೆ, ಹುಲ್ಲು, ಹಳೇ ಗೋಣಿಚೀಲ, ಹೀಗೆ ಏನಾದರೂ ಸಾಕು. ಆ ಜಾಗ ಇಲ್ಲದಂತೆ ಮಾಡುವುದು ನಮ್ಮ ಕೈಯಲ್ಲೇ ಇದೆ. ಅದಕ್ಕೆ ಪೊರಕೆ, ಕತ್ತಿ, ಏಣಿ ಬಿಟ್ಟರೆ ಬೇರೇನೂ ಬೇಡ.

ಮೊದಲು ನಮ್ಮ ಮನೆಯನ್ನೇ ಸರಿಮಾಡಿದೆ. ಏಣಿ ಹಾಕಿ ಹತ್ತಿದರೆ ಎರಡು ಸೂರು ಕೂಡುವ ತಗಡಿನ ದೋಣಿಯಲ್ಲಿ ಎರಡು ಬುಟ್ಟಿ ಎಲೆ ಇತ್ತು. ಕೆಳಗಿನದು ಕೊಳೆತು ಗೊಬ್ಬರ, ಮೇಲಿನದು ಹಪ್ಪಳದಂತೆ ಗರಿಗರಿ. ಆರು ಮಂಗಳೂರು ಹೆಂಚು ಸರಿದಿದ್ದವು. ಆ ಸಂದಿಯಲ್ಲಿ ಕೈ ಹಾಕಿದರೆ ಅಟ್ಟದಲ್ಲಿಟ್ಟಿದ್ದ ಹಳೇ ಪೇಪರ್ ಕಟ್ಟು ಸಿಕ್ಕಿತು. ಕಿಡಿಯೊಂದು ಒಳಗೆ ಬಿದ್ದಿದ್ದರೆ ಹೊರಗಿನವರಿಗೆ ಗೊತ್ತಾಗುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಹೆಂಚು ಸರಿ ಮಾಡಿದೆವು, ಅಟ್ಟದ ಗಾಳಿಕಿಂಡಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆದೆವು. ಗೋಡೆಯ ಸುತ್ತ ಐದು ಅಡಿ ಜಾಗದಲ್ಲಿ ಉರಿಯುವಂಥದ್ದು ಏನೂ ಇರಬಾರದು ಅಂತ ನಿಯಮ ಮಾಡಿಕೊಂಡೆ. 30 ಅಡಿವರೆಗೆ ಹುಲ್ಲು ಕೊಯ್ದು, ಸೂರಿಗೆ ತಾಗುವ ಕೊಂಬೆ ಕಡಿದು ಇಡುತ್ತೇವೆ. ಸೌದೆ ಈಗ ಅಂಗಳದ ಆಚೆ ತಗಡಿನ ಕೆಳಗಿದೆ.

ಊರಿನ ಕೆಲಸ ಇಷ್ಟು ಸುಲಭ ಇರಲಿಲ್ಲ. ನಮ್ಮ ಪಕ್ಕದ ಮನೆಯ ಮಾವ ಹುಲ್ಲಿನ ಬಣವೆಯನ್ನು ಕೊಟ್ಟಿಗೆಗೆ ತಾಗಿಸಿಯೇ ಒಟ್ಟುತ್ತಿದ್ದರು. ಕೊಟ್ಟಿಗೆಯ ಇನ್ನೊಂದು ಪಕ್ಕವೇ ಮನೆ.

"ಬಣವೆ ಸ್ವಲ್ಪ ಆಚೆ ಹಾಕಿಸಿದ್ರೆ ಒಳ್ಳೇದಲ್ವಾ ಮಾವ?" ಅಂದೆ.

"ನಮ್ಮಪ್ಪನ ಕಾಲದಿಂದ ಇಲ್ಲೇ ಇದೆ. ಇಷ್ಟು ವರ್ಷ ಬರದ ಬೆಂಕಿ ಈಗ ಬರುತ್ತಾ?"

ಎರಡು ವರ್ಷ ಇದೇ ಮಾತು. ಹಟ ಅಂದುಕೊಂಡಿದ್ದೆ. ಒಂದು ದಿನ ಅವರ ಮನೆಯ ಅತ್ತೆಯೇ ಹೇಳಿದರು, "ಬೆಳಗ್ಗೆ ಸಂಜೆ ಹುಲ್ಲು ಹೊರೋಳು ನಾನು. ಮಂಡಿನೋವು. ದೂರ ಹಾಕಿದ್ರೆ ಯಾರಪ್ಪ ತಂದು ಹಾಕ್ತಾರೆ?" ಅಲ್ಲಿಗೆ ವಿಷಯ ತಿಳಿಯಿತು. ಬಣವೆಯನ್ನು 40 ಅಡಿ ಆಚೆಗೆ ಸಾಗಿಸಿದೆವು. ಎರಡು ದಿನಕ್ಕಾಗುವಷ್ಟು ಹುಲ್ಲನ್ನು ಮಾತ್ರ ಕೊಟ್ಟಿಗೆಗೆ ತಂದು ಹಾಕುತ್ತೇವೆ. ತರುವುದು ಎದುರು ಮನೆಯ ಹುಡುಗ. ಆ ಮನೆಗೆ ಹಾಲು ಹೇಗೂ ಇಲ್ಲಿಂದಲೇ ಹೋಗುತ್ತೆ. ಅಂದಿನಿಂದ ನಾನು ಯಾರ ಮನೆಗೆ ಹೋದರೂ ಬೆಂಕಿಯ ಮಾತಿಗೆ ಮೊದಲು, ಆ ವಸ್ತು ಅಲ್ಲೇ ಯಾಕಿದೆ ಅಂತ ಕೇಳುತ್ತೇನೆ.

ತೋಟದ ಒಳಗಿನ ದರಗಿನ, ಅಂದರೆ ಉದುರಿದ ಒಣ ಎಲೆಯ ಬಗ್ಗೆ ಜಗಳವೇ ಆಯಿತು. ಎಲ್ಲಾ ಗುಡಿಸಿಬಿಡೋಣ ಅಂದವರಿದ್ದರು. ಬೇಡ ಅಂದೆ. ಬೇಸಿಗೆಯಲ್ಲಿ ಕಾಫಿ ಬುಡದ ತೇವ ಉಳಿಸುವುದು ಆ ದರಗೇ. ಗಡಿಯ ಉದ್ದಕ್ಕೆ ಮಾತ್ರ 15 ಅಡಿ ಅಗಲ ಕೆರೆದು ಮಣ್ಣು ಕಾಣುವಂತೆ ಮಾಡುತ್ತೇವೆ. ಗುಡಿಸಿದ ದರಗು ಒಳಗಿನ ಗಿಡಗಳ ಬುಡಕ್ಕೇ ಹೋಗುತ್ತೆ. ಅದನ್ನು ರಾಶಿ ಹಾಕಿ ಸುಡುವುದನ್ನು ಊರಲ್ಲಿ ಪೂರ್ತಿ ನಿಲ್ಲಿಸಿದ್ದೇವೆ. ಬಿದಿರು ಉಜ್ಜಿ ಕಾಡಿಗೆ ಬೆಂಕಿ ಬೀಳುತ್ತೆ ಅಂತ ಹೇಳುವುದುಂಟು. ನಮ್ಮ ಕಡೆ ಬೆಂಕಿ ಬೀಳುವುದು ಮನುಷ್ಯರಿಂದಲೇ. ಹೊಸ ಹುಲ್ಲು ಚಿಗುರಲಿ ಅಂತ ಹಚ್ಚುವವರು, ಬೀಡಿ ಎಸೆಯುವವರು, ಗುಡ್ಡದಲ್ಲಿ ಅಡುಗೆ ಮಾಡಿ ಒಲೆ ಆರಿಸದೆ ಹೋಗುವ ಪ್ರವಾಸಿಗರು. ಅಭಯಾರಣ್ಯದಲ್ಲಿ ಹಾಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಪರಾಧ. ಹೋಂಸ್ಟೇ ನಡೆಸುವ ಮನೆಗಳಲ್ಲಿ ಈಗ ಅತಿಥಿಗಳಿಗೆ ಮೊದಲ ದಿನವೇ ಇದನ್ನು ಹೇಳುತ್ತಾರೆ. ಜನವರಿಯಿಂದ ಮಳೆ ಬೀಳುವವರೆಗೆ ಕ್ಯಾಂಪ್ ಫೈರ್ ಇಲ್ಲ.

ನಾವು ತಪ್ಪು ತಿಳಿದಿದ್ದ ಇನ್ನೊಂದು ವಿಷಯವಿದೆ. ಎಲ್ಲರಿಗೂ ಮೇಲಿನ ಗುಡ್ಡದ್ದೇ ಭಯ. ಆದರೆ ಬೆಂಕಿ ಇಳಿಯುವಾಗ ನಿಧಾನ, ಹತ್ತುವಾಗ ಓಡುತ್ತೆ. ಇಳಿಜಾರು ಹತ್ತು ಡಿಗ್ರಿ ಜಾಸ್ತಿಯಾದರೆ ಅದರ ವೇಗ ಸುಮಾರು ಎರಡು ಪಟ್ಟಾಗುತ್ತೆ ಅಂತ ಲೆಕ್ಕ. ನಮ್ಮ ಐದು ಮನೆಗಳ ಕೆಳಗೆ ಕಡಿದಾದ ಕೊರಕಲು, ಅದರ ತುಂಬಾ ಲಂಟಾನದ ಕಳೆಪೊದೆ. ನಿಜವಾದ ಅಪಾಯ ಅಲ್ಲಿತ್ತು. ಮೂರು ಭಾನುವಾರ ಕೂತು ಆ ಲಂಟಾನವನ್ನು ಬೇರುಸಮೇತ ಕಿತ್ತೆವು. ಬರೀ ಕಡಿದರೆ ಮುಂದಿನ ಮಳೆಗೆ ಮತ್ತೆ ಆಳೆತ್ತರ ಬರುತ್ತೆ.

ನೀರಿನ ವಿಷಯದಲ್ಲಿ ಕಾಫಿ ನಾಡಿಗೆ ಒಂದು ಅನುಕೂಲವಿದೆ. ರೊಬಸ್ಟಾ ಕಾಫಿಗೆ ಹೂ ಅರಳಲಿ ಅಂತ ನೀರು ಹೊಡೆಯುವ ಕಾಲ, ಬೆಂಕಿಯ ಕಾಲ ಎರಡೂ ಒಂದೇ. ಫೆಬ್ರವರಿ, ಮಾರ್ಚ್‌ನಲ್ಲಿ ಡೀಸೆಲ್ ಪಂಪು, ಪೈಪು, ಜೆಟ್ ಎಲ್ಲ ಹೊರಗೇ ಇರುತ್ತೆ. ಇದನ್ನೇ ನಂಬಿ ಒಂದು ಸಂಜೆ ಪರೀಕ್ಷೆ ಮಾಡಿದೆವು. ಪಕ್ಕದ ತೋಟದ ಪೈಪು ನಮ್ಮ ಪೈಪಿಗೆ ಕೂರಲೇ ಇಲ್ಲ! ಅವರದು ಎರಡೂವರೆ ಇಂಚು, ನಮ್ಮದು ಮೂರು. ಬೆಂಕಿ ಎದುರಿಗೆ ಬಂದಾಗ ಇದು ಗೊತ್ತಾಗಿದ್ದರೆ? ಎರಡಕ್ಕೂ ಕೂರುವ ನಾಲ್ಕು ರೆಡ್ಯೂಸರ್ ತಂದು, ಕೆಂಪು ಬಣ್ಣ ಬಳಿದು, ಹಾಲಿನ ಡೈರಿಯ ಗೋಡೆಗೆ ನೇತುಹಾಕಿದ್ದೇವೆ. ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯುವ ಬೆನ್ನಿನ ಕ್ಯಾನುಗಳನ್ನು ಚೆನ್ನಾಗಿ ತೊಳೆದು ಬರೀ ನೀರು ತುಂಬಿಡುತ್ತೇವೆ. ಕಿಡಿ ಬಿದ್ದ ಜಾಗ ಆರಿಸಲು ಅದರಷ್ಟು ಚುರುಕಾದ್ದು ಬೇರೆ ಇಲ್ಲ.

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಮೂಲಕ ನೋಡಿ ಮೊಬೈಲಿಗೆ ಬೆಂಕಿಯ ಸೂಚನೆ ಕಳಿಸುತ್ತೆ. ಅದಕ್ಕೆ ಹೆಸರು ನೋಂದಾಯಿಸಿಕೊಂಡಿದ್ದೇನೆ. ಉಪಯೋಗವಿದೆ, ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. ಅದರಲ್ಲಿ ಚುರುಕಾದ ಉಪಗ್ರಹ ಹಾದುಹೋಗುವುದು ಮಧ್ಯಾಹ್ನ ಒಂದೂವರೆ ಹೊತ್ತಿಗೆ, ಆಮೇಲೆ ರಾತ್ರಿ ಒಂದೂವರೆಗೆ. ಮೂರು ಗಂಟೆಗೆ ಬಿದ್ದ ಬೆಂಕಿ ಅದಕ್ಕೆ ಕಾಣಬೇಕಾದರೆ ನಡುರಾತ್ರಿ ಆಗುತ್ತೆ. ಹಾಗಾಗಿ ಸರದಿಯಂತೆ ಇಬ್ಬರು ಮಧ್ಯಾಹ್ನ ದೇವಸ್ಥಾನದ ಬಂಡೆ ಮೇಲೆ ಕೂರುತ್ತಾರೆ. ಹೊಗೆ ಕಂಡರೆ ಮೊದಲು ಅರಣ್ಯ ಇಲಾಖೆಗೆ ಮತ್ತು 112ಕ್ಕೆ ಫೋನ್, ಆಮೇಲೆ ಊರಿನ ಗ್ರೂಪಿಗೆ.

ಗುಡ್ಡ ಹತ್ತುವ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟಗಾಯದಿಂದ ತೀರಿಕೊಂಡರು. ಅದೇ ಕೆಲಸ ಮಾಡುವವರಿಗೇ ಹೀಗಾದರೆ ನಮ್ಮ ಪಾಡೇನು? ಇಲಾಖೆಯವರು ಇಲ್ಲದೆ ಯಾರೂ ಹತ್ತುವಂತಿಲ್ಲ. ಪಾಲಿಯೆಸ್ಟರ್ ಅಂಗಿ ಹಾಕಿದವರನ್ನು ವಾಪಸ್ ಕಳಿಸುತ್ತೇವೆ, ಅದು ಕರಗಿ ಮೈಗೆ ಅಂಟುತ್ತೆ. ಬೆಂಕಿಗಿಂತ ಮೇಲಿನ ಇಳಿಜಾರಿನಲ್ಲಿ ನಿಲ್ಲಬಾರದು. ಓಡಬೇಕಾಗಿ ಬಂದರೆ ಪೂರ್ತಿ ಸುಟ್ಟು ಆರಿದ ಕಪ್ಪು ಜಾಗಕ್ಕೆ ಹೋಗಬೇಕು. ಕೆಳಗಿರುವವರಿಗೂ ಕೆಲಸವಿದೆ: ದನಗಳ ಹಗ್ಗ ಬಿಚ್ಚುವುದು, ಗ್ಯಾಸ್ ಬಂದ್ ಮಾಡುವುದು, ನಡೆಯಲಾಗದ ಹಿರಿಯರನ್ನು ಮೊದಲೇ ಜೀಪಿನಲ್ಲಿ ಶಾಲೆಗೆ ಸೇರಿಸುವುದು. ಬೆಂಕಿ ನಿಂತ ಮೇಲೆ ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಟಾರ್ಚ್ ಹಿಡಿದು ಮನೆ ಸುತ್ತುವುದು.

ಈಗ ಉಳಿದಿರುವುದು ಬೀಗ ಹಾಕಿದ ಮನೆಗಳು. ನಾಲ್ಕಿವೆ, ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಸೂರಿನ ಮೇಲೆ ಮೂರು ವರ್ಷದ ಎಲೆ, ಜಗಲಿಯಲ್ಲಿ ಗೆದ್ದಲು ಹಿಡಿದ ಮಂಚ. ಪಕ್ಕದ ಮನೆಯವರು ಎಷ್ಟು ಗುಡಿಸಿದರೂ ಕಿಡಿ ಇಲ್ಲಿ ಕೂರುತ್ತೆ. ಮೂವರು ಫೋನಿನಲ್ಲೇ ಒಪ್ಪಿದರು. ನಾಲ್ಕನೆಯವರು ಮೊನ್ನೆ ಅವರಾಗಿಯೇ ಫೋನ್ ಮಾಡಿದ್ದರು. "ಬೀಗದ ಕೈ ಅಂಗಡಿ ಅಣ್ಣನ ಹತ್ರ ಇದೆ, ಒಳಗೆ ಅಮ್ಮನ ಮಗ್ಗದ ಸಾಮಾನಿದೆ, ಸ್ವಲ್ಪ ಜೋಪಾನ" ಅಂದರು. ಈ ಭಾನುವಾರ ಏಳು ಗಂಟೆಗೆ ಏಣಿ ತೆಗೆದುಕೊಂಡು ಹೋಗುತ್ತಿದ್ದೇವೆ.