ಹಳಿಗುಂಟ ಹುಡುಕಿದ ಒಂದು ವಂಶಾವಳಿ

ನಮ್ಮ ಬೀಗಿತ್ತಿಯವರು ಅಮೆರಿಕದ ಅಯೋವಾ ರಾಜ್ಯದವರು. ಅವರ ಮುತ್ತಜ್ಜ ಬರ್ಲಿಂಗ್ಟನ್ ರೈಲ್ವೆಯಲ್ಲಿ ಬಂಡಿಯ ಬ್ರೇಕು, ಕೊಂಡಿಗಳನ್ನು ನೋಡಿಕೊಳ್ಳುವ ಬ್ರೇಕ್‌ಮನ್ ಆಗಿದ್ದರು, ಆ ಮುತ್ತಜ್ಜನಿಗೊಬ್ಬ ಅಣ್ಣನಿದ್ದ, ಅವನು ಪಶ್ಚಿಮದ ಕಡೆಗೆ ಹೋದವನು ಮತ್ತೆ ಬರಲಿಲ್ಲ ಎಂಬಷ್ಟು ಮಾತು ಮಾತ್ರ ಆ ಮನೆಯಲ್ಲಿ ಉಳಿದಿತ್ತು. ನಿವೃತ್ತಿಯ ಬಿಡುವಿನಲ್ಲಿ ಆ ಎಳೆಯನ್ನು ಹಿಡಿದು ಹೊರಟವನು ನಾನು.

ಅಮೆರಿಕದಲ್ಲಿ ಜನಗಣತಿಯ ಮನೆವಾರು ಹಾಳೆಗಳು 72 ವರ್ಷ ಕಳೆದ ಮೇಲೆ ಸಾರ್ವಜನಿಕವಾಗುತ್ತವೆ. 1950ರ ಗಣತಿ 2022ರಲ್ಲಿ ತೆರೆಯಿತು. ಅಲ್ಲಿಂದ ಹಿಂದಕ್ಕೆ ಹೋಗುವುದು ರೂಢಿಯ ಕ್ರಮ. ಇವುಗಳಲ್ಲಿ ನನಗೆ ಹೆಚ್ಚು ಒದಗಿದ್ದು 1900ರ ಗಣತಿ. ಅದರಲ್ಲಿ ಹುಟ್ಟಿದ ತಿಂಗಳು ಮತ್ತು ವರ್ಷದ ಜೊತೆಗೆ, ತಾಯಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಅಂಕಣಗಳಿರುವುದರಿಂದ, ಎಷ್ಟು ಮಂದಿ ಒಡಹುಟ್ಟಿದವರನ್ನು ಹುಡುಕಬೇಕೆಂಬುದು ಮೊದಲೇ ತಿಳಿಯುತ್ತದೆ. 1890ರ ಗಣತಿಯ ಬಹುಪಾಲು ಮಾತ್ರ 1921ರಲ್ಲಿ ವಾಷಿಂಗ್ಟನ್ನಿನ ಬೆಂಕಿಗೆ ಸಿಕ್ಕು ಹಾಳಾಯಿತು. ರೈಲು ಹಾದಿಗಳು ಹಬ್ಬುತ್ತ ಕೆಲಸಗಾರರು ಊರಿಂದೂರಿಗೆ ಚದುರುತ್ತಿದ್ದ ಕಾಲದ ಲೆಕ್ಕವೇ ಹೀಗೆ ಇಲ್ಲವಾದದ್ದು ಹುಡುಕುವವರ ದುರದೃಷ್ಟ. ಅಯೋವಾ ರಾಜ್ಯವು 1885 ಮತ್ತು 1895ರಲ್ಲಿ ತನ್ನದೇ ಗಣತಿಯನ್ನು ನಡೆಸಿದ್ದುದು ನನ್ನ ಪುಣ್ಯ.

ರೈಲ್ವೆಯವರನ್ನು ಜಿಲ್ಲೆವಾರು ಹುಡುಕಿ ಪ್ರಯೋಜನವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಉಗಿಬಂಡಿಯ ಕಾಲದಲ್ಲಿ ಸುಮಾರು ನೂರು ಮೈಲಿಗೊಂದು ಕಡೆ ಎಂಜಿನ್ನೂ ಸಿಬ್ಬಂದಿಯೂ ಬದಲಾಗುತ್ತಿದ್ದುದರಿಂದ, ಅವರ ಬಾಡಿಗೆ ಮನೆಗಳೂ ಊಟದ ವಸತಿಗಳೂ ಅಂಥ ಊರುಗಳಲ್ಲೇ ಇರುತ್ತಿದ್ದವು. ನಾನು ಬರ್ಲಿಂಗ್ಟನ್ ಮಾರ್ಗದ ಹಳೆಯ ನಕ್ಷೆಯೊಂದನ್ನು ಮುಂದಿಟ್ಟುಕೊಂಡು ಆಟಮ್ವಾ, ಕ್ರೆಸ್ಟನ್ ಹೀಗೆ ಹಳಿಯ ಮೇಲಿನ ಊರುಗಳ ವಿಳಾಸ ಪುಸ್ತಕಗಳನ್ನಷ್ಟೇ ನೋಡುತ್ತ ಹೋದೆ. ಹೆಸರು, ಉದ್ಯೋಗ, ಬೀದಿ, ಗಂಡನಿಲ್ಲದವಳಾದರೆ ಯಾರ ವಿಧವೆ ಎಂಬುದನ್ನೆಲ್ಲ ಆ ಪುಸ್ತಕಗಳು ಒಂದೇ ಸಾಲಿನಲ್ಲಿ ಹೇಳುತ್ತವೆ. ಮುತ್ತಜ್ಜ ಕ್ರೆಸ್ಟನ್ನಿನಲ್ಲಿ ಸಿಕ್ಕರು.

ಅದೇ ಹೆಸರಿನವರು ಬೇರೆಯವರೂ ಇದ್ದುದರಿಂದ ಇವರೇ ಅವರೆಂದು ಖಚಿತಪಡಿಸಿದ್ದು ಮೊದಲ ಮಹಾಯುದ್ಧದ ಸೈನ್ಯ ನೋಂದಣಿ ಚೀಟಿ. 1918ರ ಸೆಪ್ಟೆಂಬರಿನ ಆ ಚೀಟಿಯಲ್ಲಿ ಜನ್ಮದಿನ, ಕೆಲಸ ಕೊಟ್ಟವರು, ಹತ್ತಿರದ ಬಂಧು ಇಷ್ಟೂ ಇವೆ. ಅದರ ಹಿಂಬದಿಯಲ್ಲಿ, ಅಂಗವೈಕಲ್ಯವನ್ನು ಬರೆಯುವಲ್ಲಿ, ಬಲಗೈಯ ಎರಡು ಬೆರಳುಗಳಿಲ್ಲವೆಂದು ನೋಂದಣಿ ಅಧಿಕಾರಿ ಗುರುತು ಮಾಡಿದ್ದರು. ಎರಡು ಡಬ್ಬಿಗಳ ನಡುವೆ ನಿಂತು ಕೈಯಿಂದಲೇ ಕೊಂಡಿಯ ಪಿನ್ನನ್ನು ಇಳಿಸಬೇಕಾಗಿದ್ದ ಕಾಲದ ಬ್ರೇಕ್‌ಮನ್‌ಗಳಲ್ಲಿ ಇದು ಸಾಮಾನ್ಯ. ತಾನಾಗಿ ಕೂಡಿಕೊಳ್ಳುವ ಕೊಂಡಿಗಳನ್ನು ಕಡ್ಡಾಯಗೊಳಿಸುವ ಕಾನೂನು 1893ರಲ್ಲಿ ಬಂದರೂ ಕಂಪನಿಗಳು ಗಡುವು ವಿಸ್ತರಿಸಿಕೊಳ್ಳುತ್ತ ಹೋಗಿ ಅದು ಪೂರ್ತಿ ಜಾರಿಯಾಗುವಾಗ 1900 ಆಗಿತ್ತು.

ಎಲ್ಲಕ್ಕಿಂತ ದೊಡ್ಡ ನಿಧಿ ಪಿಂಚಣಿಯ ಕಡತ. ಅಮೆರಿಕದ ರೈಲ್ವೆ ನೌಕರರಿಗೆ ಸೋಷಿಯಲ್ ಸೆಕ್ಯುರಿಟಿ ಎಂಬ ಸಾಮಾನ್ಯ ಸರ್ಕಾರಿ ಪಿಂಚಣಿಯ ಬದಲು ರೈಲ್ರೋಡ್ ರಿಟೈರ್‌ಮೆಂಟ್ ಬೋರ್ಡ್ ಎಂಬ ಪ್ರತ್ಯೇಕ ವ್ಯವಸ್ಥೆ 1930ರ ದಶಕದಲ್ಲಿ ಬಂತು. 1963ರವರೆಗೆ ಇವರಿಗೆ ಕೊಟ್ಟ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳು 700ರಿಂದ 728ರ ನಡುವಿನ ಅಂಕಿಯಿಂದ ಆರಂಭವಾಗುವುದರಿಂದ, ಮರಣ ಪ್ರಮಾಣಪತ್ರದಲ್ಲಿ ಅಂಥ ಸಂಖ್ಯೆ ಕಂಡರೆ ಕಡತವನ್ನು ಕೇಳಿ ನೋಡಬಹುದು. ತೀರಿಕೊಂಡವರ ಹಳೆಯ ಕಡತಗಳು ಅಟ್ಲಾಂಟಾದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆದರೆ ಆ ವ್ಯವಸ್ಥೆ ಬರುವ ಮೊದಲೇ ಕೆಲಸ ಬಿಟ್ಟವರು ಅಥವಾ ತೀರಿಕೊಂಡವರು ಅಲ್ಲಿ ಸಿಗುವುದಿಲ್ಲ.

1937ಕ್ಕೂ ಹಿಂದಿನ ಸೇವೆಯನ್ನು ಪಿಂಚಣಿಗೆ ಸೇರಿಸಿಕೊಳ್ಳಲು ಎಲ್ಲೆಲ್ಲಿ, ಯಾವಾಗ ದುಡಿದದ್ದೆಂದು ನೌಕರನೇ ಬರೆದುಕೊಡಬೇಕಾಗಿತ್ತು. ವಯಸ್ಸಿಗೆ ಪುರಾವೆಯನ್ನೂ ಒದಗಿಸಬೇಕಾಗಿತ್ತು. 1874ರಲ್ಲಿ ಹುಟ್ಟಿದ ಮುತ್ತಜ್ಜನಿಗೆ ಜನನ ಪತ್ರವೆಲ್ಲಿಯದು? ಅದಕ್ಕಾಗಿ ಅವರ ಅಕ್ಕನೇ ತನ್ನ ತಮ್ಮ ಹುಟ್ಟಿದ್ದನ್ನು ಕಣ್ಣಾರೆ ಬಲ್ಲೆನೆಂದು ಪ್ರಮಾಣ ಮಾಡಿ ಬರೆದುಕೊಟ್ಟಿದ್ದರು. ಟೈಪ್ ಮಾಡಿದ ಆ ಒಂದು ಹಾಳೆಯಲ್ಲಿ ಆಕೆಯ ಗಂಡನ ಮನೆಯ ಹೆಸರು, ಊರು, ತಂದೆತಾಯಿಗಳ ಹೆಸರು ಎಲ್ಲವೂ ಇತ್ತು. ಗಣತಿಯಲ್ಲಿ ಮದುವೆಯಾದೊಡನೆ ಕಣ್ಮರೆಯಾಗುವ ಹೆಣ್ಣುಮಕ್ಕಳು ಇಂಥ ಕಾಗದಗಳಲ್ಲೇ ಮತ್ತೆ ಕಾಣಿಸಿಕೊಳ್ಳುವುದು.

ಅಕ್ಕನ ಊರಿನ ಪತ್ರಿಕೆಯಲ್ಲಿ ಆಕೆಯ ನಿಧನವಾರ್ತೆಯನ್ನು ಹುಡುಕಿದಾಗ, ಬದುಕಿರುವ ಬಂಧುಗಳ ಸಾಲಿನಲ್ಲಿ ಮಾಂಟಾನಾ ರಾಜ್ಯದ ಹಾವರ್ ಊರಿನ ಸಹೋದರನ ಹೆಸರಿತ್ತು. ಹಾವರ್ ಎಂದರೆ ಗ್ರೇಟ್ ನಾರ್ದರ್ನ್ ರೈಲ್ವೆಯ ಊರು. ಆ ಕಂಪನಿಯ ಸಿಬ್ಬಂದಿ ಕಡತಗಳು ಮಿನ್ನೆಸೋಟಾ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ಅಲ್ಲಿಂದ ಬಂದ ಪ್ರತಿಯಲ್ಲಿ ಅಣ್ಣ ಹಿಂದೆ ಬರ್ಲಿಂಗ್ಟನ್ ಮಾರ್ಗದಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದು 1888ರಲ್ಲಿ ಬಿಟ್ಟಿದ್ದನೆಂದು ಬರೆದಿದೆ. ಆ ವರ್ಷದ ಫೆಬ್ರವರಿಯಲ್ಲಿ ಬರ್ಲಿಂಗ್ಟನ್ನಿನ ಡ್ರೈವರ್‌ಗಳೂ ಫೈರ್‌ಮನ್‌ಗಳೂ ಮುಷ್ಕರ ಹೂಡಿ ಸೋತಿದ್ದರು. ಅವರ ಜಾಗಕ್ಕೆ ಕಂಪನಿ ಬೇರೆಯವರನ್ನು ತೆಗೆದುಕೊಂಡಿತ್ತು. ಅಣ್ಣ ಊರು ಬಿಟ್ಟದ್ದು ಅದಕ್ಕೇ ಎಂದು ಕಾಗದದಲ್ಲಿಲ್ಲ. ಆದರೆ ಬೀಗಿತ್ತಿಯವರಿಗೆ ನಾನು ಹಾಗೆಂದೇ ಹೇಳಿದ್ದೇನೆ, ಊಹೆಯೆಂಬುದನ್ನೂ ಸೇರಿಸಿ.

ಈಗ ಉಳಿದಿರುವುದು ಮುತ್ತಜ್ಜನ ತಾಯಿಯ ತವರು. 1925ರ ಅಯೋವಾ ಗಣತಿಯು ಪ್ರತಿಯೊಬ್ಬರ ತಾಯಿಯ ಮದುವೆಗೆ ಮುಂಚಿನ ಹೆಸರನ್ನೂ ತಂದೆತಾಯಿಗಳ ಮದುವೆ ನಡೆದ ಸ್ಥಳವನ್ನೂ ಕೇಳಿದ್ದರಿಂದ ಅದರ ಕ್ರೆಸ್ಟನ್ ಹಾಳೆಗಳನ್ನು ತೆರೆದುಕೊಂಡು ಕುಳಿತಿದ್ದೇನೆ.