ಮಾತಿಲ್ಲದೆ ತಿಳಿಸುವ ಚಿಹ್ನೆ: ತರಗತಿಗೆ ನೀವೇ ಮಾಡಿಕೊಳ್ಳಿ

‘ಪುಸ್ತಕ ತೆಗೀರಿ’, ‘ಈಗ ಬರೀರಿ’, ‘ಸ್ವಲ್ಪ ಸುಮ್ನಿರಿ’. ಒಂದು ಪಿರಿಯಡ್‌ನಲ್ಲಿ ಇವನ್ನು ಎಷ್ಟು ಸಲ ಹೇಳುತ್ತೀರಿ ಅಂತ ಒಮ್ಮೆ ಎಣಿಸಿ ನೋಡಿ. ಹೇಳಿ ಹೇಳಿ ಗಂಟಲು ಒಣಗುತ್ತದೆ, ಕೇಳಿ ಕೇಳಿ ಮಕ್ಕಳ ಕಿವಿಗೆ ಅದು ಬೀಳುವುದೇ ನಿಂತುಹೋಗುತ್ತದೆ. ಮಾತು ಆಡಿದ ಕೂಡಲೇ ಮುಗಿಯಿತು. ಬೋರ್ಡಿನ ಪಕ್ಕ ಅಂಟಿಸಿದ ಚಿತ್ರ ಮಾತ್ರ ಅಲ್ಲೇ ಇರುತ್ತದೆ, ಮರೆತ ಮಗು ತಲೆ ಎತ್ತಿದರೆ ಮತ್ತೆ ಸಿಗುತ್ತದೆ. ಇನ್ನೂ ಸರಾಗವಾಗಿ ಓದಲು ಬಾರದ ಮಗುವಿಗೆ, ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವಿಗೆ, ಮುಂದೇನು ಅನ್ನುವ ಆತಂಕದಲ್ಲೇ ಕೂರುವ ಆಟಿಸಂ ಇರುವ ಮಗುವಿಗೆ ಇದರಿಂದ ಸಿಗುವ ನಿರಾಳ ದೊಡ್ಡದು.

ಶುರು ಮಾಡುವಾಗ ಐದೇ ಐದು ಚಿಹ್ನೆ ಸಾಕು. ಒಂದು ದಿನ ಪೂರ್ತಿ, ನೀವು ಪದೇ ಪದೇ ಹೇಳುವ ಮಾತುಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಅದರಲ್ಲಿ ಜಾಸ್ತಿ ಬಂದ ಐದನ್ನು ಆರಿಸಿ. ಸಾಮಾನ್ಯವಾಗಿ ಕೇಳು, ಓದು, ಬರೆ, ಜೋಡಿಯಲ್ಲಿ ಮಾತಾಡು, ನಿಲ್ಲಿಸು ಇವೇ ಬರುತ್ತವೆ. ಗೋಡೆ ತುಂಬ ಅಂಟಿಸುವ ಆಸೆ ಆಗುತ್ತದೆ, ದಯವಿಟ್ಟು ತಡೆದುಕೊಳ್ಳಿ. ಎಲ್ಲಾ ಕಡೆ ಚಿತ್ರ ಇದ್ದರೆ ಯಾವುದನ್ನು ನೋಡಬೇಕು ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಈಗ ಬರೆಯುವುದು. ಎ4 ಹಾಳೆಯ ಅರ್ಧ, ದಪ್ಪ ಕಪ್ಪು ಮಾರ್ಕರ್, ಇಷ್ಟೇ ಸಾಮಾನು. ನೆರಳು, ಹೂಬಳ್ಳಿ, ನಗುವ ಮುಖ ಯಾವುದೂ ಬೇಡ. ಒಂದು ಚಿತ್ರಕ್ಕೆ ಒಂದೇ ಅರ್ಥ. ಬರೆದ ಮೇಲೆ ಕೊನೆಯ ಬೆಂಚಿಗೆ ಹೋಗಿ, ಮಕ್ಕಳ ಎತ್ತರಕ್ಕೆ ಕೂತು ನೋಡಿ. ಆಮೇಲೆ ಏನೂ ಹೇಳದೆ ಚಿತ್ರ ತೋರಿಸಿ, ‘ಇದೇನು?’ ಅಂತ ಮಕ್ಕಳನ್ನೇ ಕೇಳಿ. ನಾನು ‘ಕೇಳು’ ಅನ್ನುವುದಕ್ಕೆ ಕಿವಿ ಬರೆದಿದ್ದೆ. ಒಂದು ಬಾಗಿದ ಗೆರೆ, ಒಳಗೊಂದು ಚುಕ್ಕಿ. ಹಿಂದಿನ ಸಾಲಿನ ಹುಡುಗಿ ಅದನ್ನು ಪ್ರಶ್ನಾರ್ಥಕ ಚಿಹ್ನೆ ಅಂದುಕೊಂಡು, ನಾನು ತೋರಿಸಿದಾಗಲೆಲ್ಲ ಪ್ರಶ್ನೆ ಕೇಳಲು ಕೈ ಎತ್ತುತ್ತಿದ್ದಳು. ಅವಳು ನೋಡಿದ್ದು ಸರಿಯಾಗಿಯೇ ಇತ್ತು, ತಿದ್ದಬೇಕಿದ್ದದ್ದು ಚಿತ್ರವನ್ನು. ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಂತೆ ಬರೆದ ಮೇಲೆ ಯಾರಿಗೂ ಗೊಂದಲ ಆಗಲಿಲ್ಲ.

ಚಿತ್ರದ ಕೆಳಗೇ, ಅಂಟಿಕೊಂಡಂತೆ, ಪದವನ್ನೂ ಬರೆಯಿರಿ. ಪದ ಒಂದು ಕಡೆ, ಚಿತ್ರ ಇನ್ನೊಂದು ಕಡೆ ಇದ್ದರೆ ಮಗುವಿನ ಅರ್ಧ ಗಮನ ಅವೆರಡನ್ನು ಹೊಂದಿಸುವುದರಲ್ಲೇ ಹೋಗುತ್ತದೆ. ಚಿತ್ರ ಮತ್ತು ಪದ ಮನಸ್ಸಿನಲ್ಲಿ ಎರಡು ಬೇರೆ ದಾರಿಯಲ್ಲಿ ಉಳಿಯುತ್ತವೆ, ಹಾಗಾಗಿ ಎರಡೂ ಒಟ್ಟಿಗಿದ್ದರೆ ನೆನಪು ಗಟ್ಟಿ ಎಂಬ ವಾದವನ್ನು ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ 1971ರಲ್ಲೇ ಮುಂದಿಟ್ಟಿದ್ದರು. ಇನ್ನು ಬಣ್ಣ. ಕೆಂಪು ಅಂದರೆ ನಿಲ್ಲು, ಹಸಿರು ಅಂದರೆ ಹೊರಡು ಅಂತ ಬರೀ ಬಣ್ಣದ ಮೇಲೆ ನಂಬಿಕೆ ಇಡಬೇಡಿ. ಈ ಎರಡನ್ನು ಬೇರ್ಪಡಿಸಲಾಗದ ಮಕ್ಕಳಿರುತ್ತಾರೆ, ಹುಡುಗರಲ್ಲಿ ಜಾಸ್ತಿ. ಆಕಾರವೂ ಬೇರೆ ಇರಲಿ.

ಅಂಟಿಸಿದರೆ ಮುಗಿಯಲಿಲ್ಲ, ಚಿಹ್ನೆಯನ್ನೂ ಪಾಠದ ಹಾಗೆ ಕಲಿಸಬೇಕು. ಮೊದಲ ವಾರ ತೋರಿಸುತ್ತಾ ಬಾಯಲ್ಲೂ ಹೇಳಿ. ಎರಡನೇ ವಾರ ಬರೀ ತೋರಿಸಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆ ಐದು ಎಣಿಕೆಯೊಳಗೆ ಬಾಯಿ ತೆರೆಯದಿರುವುದೇ ನಮಗೆ ಕಷ್ಟ. ಆದರೆ ಅಷ್ಟರಲ್ಲಿ ಒಬ್ಬರು ನೋಡಿ ಪಕ್ಕದವರನ್ನು ತಟ್ಟುತ್ತಾರೆ, ಅವರು ಇನ್ನೊಬ್ಬರನ್ನು ತಟ್ಟುತ್ತಾರೆ, ತರಗತಿ ತಾನಾಗಿ ತಿರುಗುತ್ತದೆ.

ಇದು ರೂಢಿಯಾದ ಮೇಲೆ ಪಾಠದೊಳಗೂ ಚಿಹ್ನೆ ತನ್ನಿ. ಅಂಕಿಅಂಶ ಕಲಿಸುವಾಗ ಒಂದು ಹಳೆಯ ನಿಯಮ ತುಂಬ ಉಪಯೋಗಕ್ಕೆ ಬರುತ್ತದೆ. 1925ರಲ್ಲಿ ವಿಯೆನ್ನಾದಲ್ಲಿ ಓಟೋ ನ್ಯೂರಾತ್ ಒಂದು ಮ್ಯೂಸಿಯಂ ಶುರು ಮಾಡಿದರು. ಸಮಾಜದ ಲೆಕ್ಕಾಚಾರಗಳನ್ನು ಸಾಮಾನ್ಯ ಜನರಿಗೆ ಚಿತ್ರದಲ್ಲೇ ತೋರಿಸುವುದು ಅವರ ಕೆಲಸ. ಮುಂದೆ ಐಸೋಟೈಪ್ ಎಂದು ಹೆಸರಾದ ಈ ಪದ್ಧತಿಗೆ ಕಲಾವಿದ ಗೆರ್ಡ್ ಆರ್ನ್‌ಟ್ಸ್ ಸುಮಾರು 4,000 ಚಿಹ್ನೆ ಬರೆದರು. ಈ ಪದ್ಧತಿಯ ನಿಯಮ ಇದು: ಸಂಖ್ಯೆ ಹೆಚ್ಚಾದರೆ ಚಿತ್ರ ದೊಡ್ಡದು ಮಾಡಬೇಡಿ, ಅದೇ ಚಿತ್ರವನ್ನು ಇನ್ನಷ್ಟು ಸಲ ಇಡಿ. ಯಾಕೆ? ಪುಸ್ತಕದ ಚಿತ್ರವನ್ನು ಎರಡು ಪಟ್ಟು ಎತ್ತರ ಮಾಡಿದರೆ ಅಗಲವೂ ಎರಡು ಪಟ್ಟಾಗುತ್ತದೆ, ಅಲ್ವಾ? ಅದು ತುಂಬುವ ಜಾಗ ನಾಲ್ಕು ಪಟ್ಟು. ಮಗು ‘ದುಪ್ಪಟ್ಟು’ ಅಂತ ಕೇಳುತ್ತದೆ, ಕಣ್ಣಿಗೆ ನಾಲ್ಕು ಪಟ್ಟು ಕಾಣುತ್ತದೆ. ಒಂದು ಪುಸ್ತಕದ ಚಿತ್ರ ಅಂದರೆ 10 ಪುಸ್ತಕ ಅಂತ ಇಟ್ಟುಕೊಂಡು, ನಲವತ್ತಕ್ಕೆ ನಾಲ್ಕು ಚಿತ್ರ ಸಾಲಾಗಿ ಜೋಡಿಸಿ. ಎಣಿಸಿದರೆ ಉತ್ತರ ಬರುತ್ತದೆ.

ಕೊನೆಗೆ ಮಾರ್ಕರ್ ಮಕ್ಕಳ ಕೈಗೆ ಕೊಡಿ. ನನಗೆ ಇದೇ ಎಲ್ಲಕ್ಕಿಂತ ಇಷ್ಟದ ಹಂತ. ಅಕ್ಷರ ಬಳಸದೆ ‘ಆವಿಯಾಗುವುದು’ ಬರೆಯಲು ಹೇಳಿದ್ದೆ. ಒಬ್ಬ ಹುಡುಗ ನೀರಿನ ಮೇಲೊಂದು ದಪ್ಪ ಬಾಣ ಬರೆದ. ಪಕ್ಕದವಳು ನೋಡಿ, ‘ಇದು ನೀರು ಮೇಲಕ್ಕೆ ಚಿಮ್ಮಿದ ಹಾಗಿದೆ’ ಅಂದಳು. ಅವನು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದ. ಆಮೇಲೆ ಇನ್ನೊಂದು ಹಾಳೆ ತೆಗೆದುಕೊಂಡು, ಬಾಣದ ಬದಲು ಸಣ್ಣ ಸಣ್ಣ ಚುಕ್ಕಿ ಇಟ್ಟ. ನೀರಿನ ಹತ್ತಿರ ಒತ್ತಾಗಿ, ಮೇಲೆ ಹೋದಂತೆಲ್ಲ ದೂರ ದೂರ.