ಕ್ಷೌರದ ಕತ್ತಿಗೆ ಸಾಣೆಕಲ್ಲು: ಕೊನೆಯದನ್ನು ಮೊದಲು ಕೊಳ್ಳಿ

ಕ್ಷೌರದ ಕತ್ತಿ ಕೈಗೆ ಬಂದ ಕೂಡಲೇ ಸಾಣೆಕಲ್ಲಿನ ಪಟ್ಟಿ ಬೆಳೆಯಲು ಶುರುವಾಗುತ್ತದೆ. 1000 ಗ್ರಿಟ್ (ಕಲ್ಲು ಎಷ್ಟು ನಯ ಎಂದು ಹೇಳುವ ಸಂಖ್ಯೆ) ಬೇಕು, 3000 ಬೇಕು, 5000, 8000, 12000... ಅಷ್ಟೂ ಬೇಕಾ? ನಿಮ್ಮಲ್ಲಿರುವುದು ಒಂದೇ ಕತ್ತಿ, ಅದೂ ಚೆನ್ನಾಗಿ ಹರಿತವಾಗಿದೆ ಅಂದರೆ ಬೇಡ. ಕೊನೆಯಲ್ಲಿ ಬಾಯಿಯನ್ನು ನಯ ಮಾಡುವ ಒಂದು ನಯಗಲ್ಲು, ಅದನ್ನು ಸಮ ಮಾಡಿಕೊಳ್ಳುವ ಒಂದು ಸಾಧನ, ಒಂದು ಚರ್ಮದ ಪಟ್ಟಿ ಸಾಕು. (ಬ್ಲೇಡು ಬದಲಿಸುವ ಮಾದರಿಯ ಕತ್ತಿಗೆ ಇದ್ಯಾವುದೂ ಬೇಕಾಗಿಲ್ಲ.)

ಮೊದಲು ಕತ್ತಿಯನ್ನು ನೋಡಿ

ಕಲ್ಲು ಆರಿಸುವ ಮುಂಚೆ ಕತ್ತಿಗೆ ಏನಾಗಿದೆ ಎಂದು ತಿಳಿಯಬೇಕು. ದೀಪದ ಕೆಳಗೆ ಕತ್ತಿಯ ಬಾಯನ್ನು ನಿಮ್ಮ ಕಡೆ ತಿರುಗಿಸಿ ನೇರವಾಗಿ ನೋಡಿ. ಎಲ್ಲಾದರೂ ಬೆಳಕು ಮಿಂಚಿದರೆ ಅಲ್ಲಿ ಮೊಂಡಾಗಿದೆ ಅಥವಾ ಚಕ್ಕೆ ಎದ್ದಿದೆ. ನಿಜವಾಗಿ ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.

ಬಾಯಿ ಪೂರ್ತಿ ಚೆನ್ನಾಗಿದೆ, ಆದರೆ ಈಚೆಗೆ ಕೂದಲು ಎಳೆದ ಹಾಗಾಗುತ್ತಿದೆ ಎಂದರೆ ನಯಗಲ್ಲೊಂದೇ ಸಾಕು. ಚಕ್ಕೆ ಎದ್ದಿದ್ದರೆ, ಅಥವಾ ಹಳೆಯ ಕತ್ತಿಯನ್ನು ಮತ್ತೆ ಬಳಕೆಗೆ ತರುತ್ತಿದ್ದರೆ ಮಾತ್ರ ಒರಟು ಕಲ್ಲಿನ ಕೆಲಸ. ತುಕ್ಕಿನ ಗುಳಿಗಳು ಬಾಯಿಯ ತನಕ ಹಬ್ಬಿದ್ದರೆ ಆ ಕತ್ತಿಗಾಗಿ ಕಲ್ಲು ಕೊಳ್ಳಬೇಡಿ. ಎಷ್ಟು ಮಸೆದರೂ ಒಳಗಿಂದ ಇನ್ನೊಂದು ಗುಳಿ ಎದ್ದು ಬರುತ್ತದೆ.

ಗ್ರಿಟ್ ಸಂಖ್ಯೆಯ ಗೊಂದಲ

ಗ್ರಿಟ್ ಜಾಸ್ತಿಯಾದಷ್ಟೂ ಕಲ್ಲಿನೊಳಗಿನ ಕಣ ಸಣ್ಣದು. ಜಪಾನಿನ ಅಳತೆಯಲ್ಲಿ 1000 ಗ್ರಿಟ್ಟಿನ ಕಣ ಹೆಚ್ಚುಕಮ್ಮಿ 12ರಿಂದ 15 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), 8000ದ್ದು 1ರಿಂದ 2 ಮೈಕ್ರಾನ್. ಆದರೆ ಎಲ್ಲ ಕಡೆ ಅಳತೆ ಒಂದೇ ಅಲ್ಲ. ಯುರೋಪಿನಲ್ಲಿ ಕಲ್ಲುಗಳಿಗೆ ಬಳಸುವ ‘ಎಫ್’ ಅಳತೆಯಲ್ಲಿ 1000 ಎಂದರೆ ಸುಮಾರು 4.5 ಮೈಕ್ರಾನ್. ಉಜ್ಜುಕಾಗದದ ‘ಪಿ’ ಅಳತೆಯಲ್ಲಿ ಅದೇ 1000 ಎಂದರೆ ಸುಮಾರು 18. ಹೀಗಾಗಿ ಬೇರೆ ಬೇರೆ ಕಡೆಯ ಕಲ್ಲುಗಳನ್ನು ಹೋಲಿಸುವಾಗ ಮೈಕ್ರಾನ್ ಲೆಕ್ಕವನ್ನೇ ಕೇಳಿ. ಪೆಟ್ಟಿಗೆಯ ಮೇಲೆ ಬರೀ ಒಂದು ದೊಡ್ಡ ಸಂಖ್ಯೆ ಇದ್ದು ಬೇರೆ ಏನೂ ಬರೆದಿಲ್ಲವೇ? ಬಿಟ್ಟುಬಿಡಿ.

ನಯಗಲ್ಲು: ಇಲ್ಲಿ ಹಣ ಹಾಕಿ

ವರ್ಷಗಟ್ಟಲೆ ನೀವು ಬಳಸುವುದು ಇದನ್ನೇ. ಮುಖಕ್ಕೆ ತಾಗುವುದೂ ಇದು ಬಿಟ್ಟುಹೋದ ಗೀರುಗಳೇ. 8000 ಗ್ರಿಟ್ಟಿನಲ್ಲಿ ನಿಲ್ಲಿಸಿದ ಕತ್ತಿಯಲ್ಲೂ ಕ್ಷೌರ ಮಾಡಿಕೊಳ್ಳಬಹುದು. 12000 ಆದರೆ ಚರ್ಮಕ್ಕೆ ಹಿತ.

ಮೊದಲ ಸಲ ಕೊಳ್ಳುವವರಿಗೆ ಕೃತಕ ಕಲ್ಲೇ ಸರಿ ಎಂಬುದು ನನ್ನ ಅಭಿಪ್ರಾಯ. ಜಪಾನಿನ ನಾನಿವಾ ಕಂಪನಿಯ 12000 ಕೊಂಡರೆ ನಿಮ್ಮ ಕಲ್ಲೂ ಇನ್ನೊಬ್ಬರ ಕಲ್ಲೂ ಒಂದೇ ಥರ ಕೆಲಸ ಮಾಡುತ್ತವೆ. ನಿಮ್ಮ ಕತ್ತಿ ಹರಿತವಾಗದಿದ್ದರೆ ತಪ್ಪು ಕಲ್ಲಿನದಲ್ಲ, ಕೈಯದು ಎಂದು ಗೊತ್ತಾಗುತ್ತದೆ. ಕಲಿಯುವಾಗ ಅದು ಗೊತ್ತಾಗುವುದೇ ದೊಡ್ಡದು. ಈ ಕಲ್ಲು ಸ್ವಲ್ಪ ಮೆದು. ಒತ್ತಿದರೆ ಕತ್ತಿಯ ಬಾಯಿ ಅದರಲ್ಲಿ ಕಚ್ಚಿಕೊಳ್ಳುತ್ತದೆ, ಕೈ ಹಗುರವಾಗಿರಲಿ. ಜಪಾನಿನದೇ ಆದ ಶಾಪ್ಟನ್ ಕಂಪನಿಯ ಗಾಜಿನ ತಳದ ಕಲ್ಲುಗಳು ಗಟ್ಟಿ, ಬೇಗ ಸವೆಯುವುದಿಲ್ಲ.

ನೈಸರ್ಗಿಕ ಕಲ್ಲುಗಳ ಸೊಗಸೇ ಬೇರೆ, ಒಪ್ಪುತ್ತೇನೆ. ಬೆಲ್ಜಿಯಂನ ಆರ್ಡೆನ್ ಬೆಟ್ಟಗಳಲ್ಲಿ ಸಿಗುವ ಹಳದಿ ಬಣ್ಣದ ಕಾಟಿಕ್ಯೂಲ್ ಕಲ್ಲನ್ನು ತೆಗೆದುಕೊಳ್ಳಿ. ಅದರಲ್ಲಿ ಮಸೆಯುವುದು ಗಾರ್ನೆಟ್ ಹರಳುಗಳು. ಅವು ಬಹುಮುಖದ, ಹೆಚ್ಚುಕಮ್ಮಿ ಗುಂಡಗಿನ ಹರಳುಗಳಾದ್ದರಿಂದ ಉಕ್ಕಿನಲ್ಲಿ ಆಳವಾದ ಗೀರು ಬೀಳುವುದಿಲ್ಲ. ಚಿಕ್ಕ ಉಜ್ಜುಗಲ್ಲಿನಿಂದ ತಿಕ್ಕಿ ಮೇಲೆ ಹಾಲಿನಂಥ ರಾಡಿ ಎಬ್ಬಿಸಿದರೆ ಬೇಗ ಮಸೆಯುತ್ತದೆ. ರಾಡಿ ತೊಳೆದು ಬರೀ ನೀರಿನಲ್ಲಿ ಎಳೆದರೆ ಅದೇ ಕಲ್ಲು ನಯ ಮಾಡುತ್ತದೆ. ಒಂದೇ ಕಲ್ಲಿನಲ್ಲಿ ಎರಡು ಕೆಲಸ. ಆದರೆ ಎರಡು ಕಾಟಿಕ್ಯೂಲ್ ಒಂದೇ ಥರ ಇರುವುದಿಲ್ಲ. ನೈಸರ್ಗಿಕ ಕಲ್ಲಿಗೆ ನಿಖರವಾದ ಗ್ರಿಟ್ ಸಂಖ್ಯೆಯೂ ಇಲ್ಲ. ಅಮೆರಿಕದ ಅರ್ಕನ್ಸಾ ಕಲ್ಲು, ಜಪಾನಿನ ಕ್ಯೋಟೊ ಸುತ್ತಲಿನ ಕಲ್ಲುಗಳೂ ಹೀಗೆಯೇ. ಇವು ಎರಡನೇ ಕಲ್ಲಾಗಿ ಬರಲಿ.

ಒರಟು ಕಲ್ಲು, ನಡುವಿನ ಕಲ್ಲು

ಕತ್ತಿಯ ಎರಡೂ ಮಗ್ಗುಲಿನ ಇಳಿಜಾರು (ಬಾಯಿಗೆ ತಾಗಿಕೊಂಡು ಮಸೆದಿರುವ ಸಣ್ಣ ಪಟ್ಟೆ) ಒಂದೇ ಗೆರೆಯಲ್ಲಿ ಕೂಡದಿದ್ದರೆ 1000 ಗ್ರಿಟ್ ಬೇಕು. ಇಲ್ಲಿ ಅಗ್ಗದ್ದೂ ನಡೆಯುತ್ತದೆ, ಅಪರೂಪಕ್ಕೆ ಬಳಸುವ ಕಲ್ಲು ತಾನೆ. ಅಲ್ಲಿಂದ ನೇರವಾಗಿ 12000ಕ್ಕೆ ಹಾರಬೇಡಿ. 1000ದ ಗೀರನ್ನು ಅಳಿಸಲು ನಯಗಲ್ಲಿಗೆ ತಾಕತ್ತಿಲ್ಲ. ಒಂದು ಬದಿ 4000, ಇನ್ನೊಂದು ಬದಿ 8000 ಇರುವ ನಾರ್ಟನ್ ಕಂಪನಿಯ ಕಲ್ಲಿನಂಥದ್ದು ಈ ನಡುವಿನ ಜಾಗ ತುಂಬುತ್ತದೆ.

ಸಮತಟ್ಟಾಗಿರಲೇಬೇಕು

ಅಡುಗೆಮನೆಯ ಚಾಕುವಿಗೆ ಕೋನವನ್ನು ಕೈಯೇ ಹಿಡಿಯಬೇಕು. ಕ್ಷೌರದ ಕತ್ತಿ ಹಾಗಲ್ಲ. ಬೆನ್ನು, ಬಾಯಿ ಎರಡೂ ಕಲ್ಲಿನ ಮೇಲೆ ಒಟ್ಟಿಗೆ ಮಲಗುತ್ತವೆ. ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ. ಹಾಗಾಗಿ ಕಲ್ಲಿನ ನಡುವೆ ತಗ್ಗು ಬಿದ್ದರೆ ಕೋನ ಕೆಟ್ಟಿತು ಅಂತಲೇ ಲೆಕ್ಕ. ಚಾಕು ಮಸೆದು ಸವೆದ ಮನೆಯ ಕಲ್ಲನ್ನು ಹಾಗೆಯೇ ಇದಕ್ಕೆ ಬಳಸಬೇಡಿ ಎನ್ನುವುದು ಅದಕ್ಕೇ.

ಹೊಸ ಕಲ್ಲೂ ಪೂರ್ತಿ ಸಮ ಇರುತ್ತದೆ ಎಂದೇನಿಲ್ಲ. ಅದರ ಮೇಲೆ ಪೆನ್ಸಿಲ್ಲಿನಿಂದ ಚೌಕಳಿ ಗೆರೆ ಹಾಕಿ. 300ರಿಂದ 400 ಗ್ರಿಟ್ಟಿನ ವಜ್ರದ ಪ್ಲೇಟಿನಿಂದ ನೀರು ಹಾಕಿ ಉಜ್ಜಿ. ಎಲ್ಲ ಗೆರೆಗಳೂ ಅಳಿಸಿದರೆ ಸಮವಾಯಿತು. ಪ್ಲೇಟು ಇಲ್ಲದಿದ್ದರೆ ದಪ್ಪ ಗಾಜಿನ ಮೇಲೆ ನೀರಿಗೆ ಹಾಳಾಗದ ಉಜ್ಜುಕಾಗದ ಹಾಸಿ, ಕಲ್ಲನ್ನು ಅದರ ಮೇಲೆ ಉಜ್ಜಬಹುದು. ಕಲ್ಲಿನ ಅಂಚುಗಳನ್ನೂ ಸ್ವಲ್ಪ ಮೊಂಡು ಮಾಡಿ. ಚೂಪಾದ ಅಂಚಿಗೆ ತಗುಲಿದರೆ ಕತ್ತಿಯಲ್ಲಿ ಚಕ್ಕೆ ಏಳುತ್ತದೆ.

ಅಗಲ 70ರಿಂದ 75 ಮಿಲಿಮೀಟರ್ ಇರಲಿ. ಉದ್ದ 200 ಮಿಲಿಮೀಟರ್ ಆಸುಪಾಸು ಸಾಕು. ಕಲ್ಲು ಕಿರಿದಾಗಿದ್ದರೂ ನಡೆಯುತ್ತದೆ. ಆಗ ಕತ್ತಿಯನ್ನು ಓರೆಯಾಗಿ ಎಳೆಯಬೇಕು: ಹಿಡಿಯ ಕಡೆಯಿಂದ ಶುರುಮಾಡಿ ತುದಿಯ ಕಡೆ ಮುಗಿಸಬೇಕು.

ನೀರು, ಎಣ್ಣೆ

ನೀರು ಹಾಕಿ ಮಸೆಯುವ ಕಲ್ಲಿಗೆ ಎಣ್ಣೆ ಹಾಕಬೇಡಿ, ರಂಧ್ರ ಮುಚ್ಚಿ ಕೆಲಸಕ್ಕೆ ಬಾರದಂತಾಗುತ್ತದೆ. ಕೆಲವು ಕಲ್ಲುಗಳನ್ನು ಹತ್ತು ಹದಿನೈದು ನಿಮಿಷ ನೆನೆಸಬೇಕು, ಕೆಲವಕ್ಕೆ ಮೇಲೆ ನೀರು ಚಿಮುಕಿಸಿದರೆ ಸಾಕು. ಎಲ್ಲವನ್ನೂ ಸುಮ್ನೆ ಬಕೆಟ್ಟಿನಲ್ಲಿ ಮುಳುಗಿಸಿಡಬೇಡಿ. ಕಣಗಳನ್ನು ಮೆಗ್ನೀಷಿಯಾ ಅಂಟಿನಿಂದ ಹಿಡಿದಿಟ್ಟ ಕಲ್ಲುಗಳು ಜಾಸ್ತಿ ನೆನೆದರೆ ಬಿರುಕು ಬಿಡುತ್ತವೆ. ಬಳಸಿದ ಮೇಲೆ ನೆರಳಲ್ಲಿ ಒಣಗಿಸಿ.

ಕಲ್ಲು ಸಾಕೋ ಇಲ್ಲವೋ: ಒಂದು ಪರೀಕ್ಷೆ

ಇಳಿಜಾರಿನ ಮೇಲೆ ಅಳಿಸದ ಮಾರ್ಕರ್ ಶಾಯಿ ಬಳಿದು ನಯಗಲ್ಲಿನ ಮೇಲೆ ಎರಡು ಬಾರಿ ಎಳೆಯಿರಿ. ಬಾಯಿ ಮುಂದಾಗಿರಲಿ, ಕತ್ತಿಯ ತೂಕವಷ್ಟೇ ಬೀಳಲಿ. ಶಾಯಿ ಬಾಯಿಯ ತುದಿತನಕ, ಉದ್ದಕ್ಕೂ ಹೋಗಿದ್ದರೆ ನಿಮಗೆ ಬೇರೆ ಕಲ್ಲು ಬೇಡ. ಇನ್ನೊಂದಷ್ಟು ಸಲ ಎಳೆದು ಚರ್ಮದ ಪಟ್ಟಿಗೆ ಹೋಗಿ. ಅಲ್ಲಿ ಮಾತ್ರ ಬೆನ್ನು ಮುಂದೆ, ಇಲ್ಲದಿದ್ದರೆ ಪಟ್ಟಿಯೇ ಕತ್ತರಿಸಿಹೋಗುತ್ತದೆ. ಬಾಯಿಯ ಹತ್ತಿರ ಶಾಯಿ ಉಳಿದಿದ್ದರೆ ಮೊದಲು ಕಲ್ಲು ಸಮವಾಗಿದೆಯೇ ನೋಡಿ. ಅದು ಸಮವಾಗಿದ್ದೂ ಶಾಯಿ ಉಳಿದರೆ ಆಗ 1000 ಗ್ರಿಟ್ ಕೊಳ್ಳಲು ಹೊರಡಿ.